ಒಂದು ಜೊತೆ ಬೂಟು

ಲಿನಿಯೆರ್ಸ್ ಸಂತೆಯ ಕೊನೆಯ ಸಾಲಿನಲ್ಲಿ
ಮುದುಕಿಯೊಬ್ಬಳು ಹರಡಿಟ್ಟಿದ್ದಳು:
ಪಾತ್ರೆಯಿಲ್ಲದ ಮುಚ್ಚಳ, ಟೆಲಿಫೋನಿನ ಸುರುಳಿ ವೈರು,
ತೀರಿಹೋದ ಗಂಡನ ಕಪ್ಪು ಬೂಟು.
"ಮಲಾಂಬೋ ಕುಣೀತಿದ್ದ, ಮೂವತ್ತು ವರ್ಷ," ಅಂದಳು.
ಬೆಲೆ ಬೆಳಿಗ್ಗೆಯಿಂದ ಎರಡು ಸಲ ಏರಿತ್ತು.
ಮೂರನೆಯ ಸಲ ಏರುವ ಮೊದಲು
ನಾನು ಅರ್ಧ ಕೊಟ್ಟೆ, ಫೆರ್ಮಿನ್ ತೊಲಾಬಾ ಅರ್ಧ ಕೊಟ್ಟ.

ಅವನ ಪಾದ ನಲವತ್ತೆರಡು, ನನ್ನದು ಮೂವತ್ತೊಂಬತ್ತು.
ನಡುವಿನ ಮೂರು ಅಂಕಿಯನ್ನು
ಹಳೆಯ ಪೇಪರಿನ ಕ್ರೀಡಾಪುಟ ತುಂಬಿತು.

ಅವನಿಗೆ ಬೆಳಗಿನ ತರಗತಿ, ನನಗೆ ಮಧ್ಯಾಹ್ನದ್ದು.
ಕೊನ್‌ಸ್ತಿತುಸ್ಯೋನ್ ಸ್ಟೇಷನ್ನಿನ ಗಡಿಯಾರದ ಕೆಳಗೆ
ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ
ನಾವು ಕಾಲು ಬದಲಾಯಿಸುತ್ತಿದ್ದೆವು.
ಅವನು ಹಗ್ಗದಟ್ಟೆಯ ಮೆಟ್ಟಿಗೆ ಇಳಿಯುತ್ತಿದ್ದ,
ನಾನು ಬೂಟಿಗೆ ಏರುತ್ತಿದ್ದೆ.
ಒಳಗೆ ಅವನ ಬಿಸಿ ಇನ್ನೂ ಆರಿರುತ್ತಿರಲಿಲ್ಲ.
ಪ್ರೀತಿಗೀತಿ ಏನೂ ಇಲ್ಲ ನಮ್ಮಲ್ಲಿ;
ಆದರೂ ಒಬ್ಬರ ಬೆವರಿಗೆ ಇನ್ನೊಬ್ಬರು ಕಾಲಿಡುವುದು
ಸಣ್ಣ ನಂಟಲ್ಲ.

ನನ್ನ ಕೋಣೆಯಲ್ಲಿ ಆರು ಮಂಚ. ಕೆಳಗೆ ದೋನ್ಯಾ ಎರ್ಮಿನಿಯಾ,
ಅವಳ ತಲೆನೋವು, ಅವಳ ಪೊರಕೆಯ ಹಿಡಿ.
ನಾನು ನೆಲ ಮೆಟ್ಟಿದರೆ ಅವಳು ಸೂರು ಕುಟ್ಟುತ್ತಾಳೆ.
ಹಾಗಾಗಿ ಅಭ್ಯಾಸ ಹಾಸಿಗೆಯ ಮೇಲೆ:
ಹಿಮ್ಮಡಿ, ತುದಿ, ಹಿಮ್ಮಡಿ, ಪಕ್ಕ,
ಸದ್ದೆಲ್ಲ ಸ್ಪಂಜಿನೊಳಗೆ.
ಎಂಟು ತಿಂಗಳು ಆ ಹಾಸಿಗೆ ನುಂಗಿದ ತಾಳವನ್ನು
ಯಾರಾದರೂ ಹಿಂಡಿ ತೆಗೆದರೆ
ಬ್ಯೂನಸ್ ಐರಿಸ್ ಎದ್ದು ಕೂರಬೇಕು.

ಕುಡಿದು ಮುಗಿದ ಮತೇ ಸೊಪ್ಪನ್ನು
ಕಿಟಕಿಯಲ್ಲಿ ಒಣಗಿಸಿ ಮತ್ತೆ ಬಿಸಿನೀರು ಹುಯ್ಯುತ್ತೇವೆ.
ಎರಡನೆಯ ಸಲಕ್ಕೆ ಬಣ್ಣ,
ಮೂರನೆಯ ಸಲಕ್ಕೆ ಬಣ್ಣದ ನೆನಪು.
ಶನಿವಾರ ರಾತ್ರಿ ಯಾವುದೋ ಗ್ಯಾರೇಜಿನಲ್ಲಿ ನಾಟಕ.
ಟಿಕೆಟ್ಟಿಲ್ಲ; ಮುಗಿದ ಮೇಲೆ ಟೋಪಿಯೊಂದು ಸಾಲಿನುದ್ದಕ್ಕೂ ಬರುತ್ತದೆ.
ಅದು ನನ್ನ ಹತ್ತಿರ ಬರುವಷ್ಟರಲ್ಲಿ
ಜೋರಾಗಿ ಚಪ್ಪಾಳೆ ತಟ್ಟುತ್ತಿರುತ್ತೇನೆ.
ಎರಡೂ ಕೈಗೆ ಕೆಲಸವಿದ್ದರೆ ಜೇಬಿಗೆ ಯಾರ ಕಣ್ಣೂ ಹೋಗುವುದಿಲ್ಲ.
ಹೀಗೆ ಟೋಪಿಗೇ ಟೋಪಿ ಹಾಕಿ
ನಲವತ್ತು ಬೀದಿ ನಡೆದು ಮನೆಗೆ.

ಅನ್ಯಾತುಯಾದಿಂದ ಅಪ್ಪನ ಫೋನು:
"ಸ್ವಂತ ಕಾಲ ಮೇಲೆ ನಿಲ್ಲೋದು ಯಾವಾಗ, ಮಗಳೇ?"
ನಿಂತಿದ್ದೇನೆ ಅಪ್ಪಾ.
ಕಾಲು ಸ್ವಂತದ್ದೇ.

ಪರೀಕ್ಷೆಯ ಪಟ್ಟಿ ಬಂತು. ಇಬ್ಬರದೂ ಒಂದೇ ದಿನ,
ಒಂದೇ ಗಂಟೆ, ಎದುರುಬದುರು ಕುಣಿತ.
ಪಟ್ಟಿಯ ಮುಂದೆ ನಿಂತು ಫೆರ್ಮಿನ್ ನಕ್ಕ, ಆಮೇಲೆ ನಗಲಿಲ್ಲ.
"ನಾಣ್ಯ ಚಿಮ್ಮೋಣ," ಎಂದ.
ನಾಣ್ಯವಿರಲಿಲ್ಲ.

ಎಡದ್ದು ಅವನಿಗೆ, ಬಲದ್ದು ನನಗೆ.
ಉಳಿದದ್ದು ಬರಿಗಾಲು.
ಬೊಂಬೊ ಡೋಲು ಶುರುವಾಯಿತು. ಇಳಿದೆವು.
ಒಂದು ಗುರು, ಒಂದು ಲಘು.
ತೊಗಲಿನ ಹಿಮ್ಮಡಿ ಧಣ್ ಎಂದರೆ
ಬರಿಯ ಅಂಗಾಲು ತಪ್ ಎನ್ನುತ್ತಿತ್ತು,
ಲಾಳ ಕಳೆದ ಕುದುರೆಯೊಂದು
ಹಲಗೆಯ ಮೇಲೆ ಹತ್ತಿಬಂದ ಹಾಗೆ.
ಮೊದಲು ನಾಚಿಕೆಯಾಯಿತು.
ಆಮೇಲೆ ಅವನ ತಪ್ಪಿಗೆ ನನ್ನ ಧಣ್ ಸಿಕ್ಕಿತು,
ನನ್ನ ತಪ್ಪಿಗೆ ಅವನದು,
ಇಬ್ಬರು ಕುಂಟರು ಒಂದು ನೆಟ್ಟಗಿನ ಓಟವಾದೆವು.
ಕಿರುಬೆರಳ ಚರ್ಮ ಸುಲಿದದ್ದು
ಕೆಂಪು ನೋಡಿದ ಮೇಲೆ ಗೊತ್ತಾಯಿತು.

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
"ಇದು ಯಾರ ಪರಿಕಲ್ಪನೆ?"
"ಬೂಟಿನದು," ಎಂದ ಫೆರ್ಮಿನ್.
ಹತ್ತಕ್ಕೆ ಆರು. ಸಂಪ್ರದಾಯಕ್ಕೆ ಭಂಗ, ಎಂದು ಷರಾ.
ನಾವು ಬಾಗಿಲು ದಾಟುವಾಗ ಅವರ ಪೆನ್ನು
ಮೇಜಿನ ಮೇಲೆ ಕುಂಟುತ್ತಿತ್ತು:
ಧಣ್, ತಪ್. ಧಣ್, ತಪ್.

ಈಗ ಅಟ್ಟೆ ಹರಿದಿದೆ.
ರಿಪೇರಿಯವನು ಬೂಟನ್ನು ಬೋರಲು ಹಾಕಿ
ಬೆಳಕಿಗೆ ಹಿಡಿದು ನೋಡಿದ.
ಹಿಮ್ಮಡಿ ಹೊರಗಡೆ ಸವೆದಿದೆ, ತುದಿ ಒಳಗಡೆ.
"ಹೀಗೆ ನಡೆಯುವ ಮನುಷ್ಯನನ್ನು ನಾನು ನೋಡಿಲ್ಲ," ಎಂದ.
"ಯಾರ ಕಾಲು ಇದು?"
ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು.
"ಗುರುವಾರ ಬನ್ನಿ," ಎಂದ.
"ದುಡ್ಡು ಮೊದಲು."